ಸಮವಸ್ತ್ರದ ದಾರಿ, ಸಂಧಾನದ ದಾರಿ

1950ರ ಸೇನಾ ಕಾಯ್ದೆಯ 12ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ವಿಭಾಗಗಳನ್ನು ಬಿಟ್ಟು ಬೇರೆಲ್ಲೂ ಮಹಿಳೆಯರು ಸೇನೆಗೆ ಸೇರುವಂತಿಲ್ಲ. ಅದೇ ವರ್ಷ ಜಾರಿಗೆ ಬಂದ ಸಂವಿಧಾನ ಲಿಂಗದ ಆಧಾರದ ಮೇಲೆ ತಾರತಮ್ಯ ಕೂಡದು ಎಂದಿತ್ತು. ಮುಂದಿನ ಎಪ್ಪತ್ತು ವರ್ಷಗಳ ಜಗ್ಗಾಟ ನಡೆದದ್ದು ಈ ಎರಡರ ನಡುವೆ.

ಅದಕ್ಕೂ ಮೊದಲು ಹೆಂಗಸರು ಸೇನೆಯಲ್ಲಿ ಇರಲಿಲ್ಲವೆಂದಲ್ಲ. 1888ರಲ್ಲೇ ಬ್ರಿಟಿಷ್ ಸೇನೆಯ ದಾದಿಯರು ಮುಂಬೈಗೆ ಬಂದಿಳಿದಿದ್ದರು. 1943ರಲ್ಲಿ ಸಿಂಗಪುರದಲ್ಲಿ ಸುಭಾಷಚಂದ್ರ ಬೋಸರು ಕಟ್ಟಿದ ಝಾನ್ಸಿ ರಾಣಿ ರೆಜಿಮೆಂಟಿನ ನಾಯಕತ್ವ ವಹಿಸಿದ್ದವರು ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್. ಅದಕ್ಕೆ ಸೇರಿದವರಲ್ಲಿ ಮಲಯದ ರಬ್ಬರ್ ತೋಟಗಳ ಕೂಲಿ ಕುಟುಂಬದ ತಮಿಳು ಹುಡುಗಿಯರೇ ಬಹಳ. ಸ್ವತಂತ್ರ ಭಾರತ ಆ ರೆಜಿಮೆಂಟನ್ನು ಪಠ್ಯಪುಸ್ತಕಕ್ಕೆ ಸೇರಿಸಿತು, ಸೇನೆಯ ಬಾಗಿಲನ್ನು ಮಾತ್ರ ವೈದ್ಯರು, ದಾದಿಯರಿಗಷ್ಟೇ ತೆರೆದಿಟ್ಟಿತು.

1992ರಲ್ಲಿ ಬಾಗಿಲು ಇನ್ನಷ್ಟು ಸರಿಯಿತು. ಹೆಣ್ಣುಮಕ್ಕಳಿಗೂ ಅವಕಾಶ ಕೊಡಿ ಎಂದು ಸೇನಾ ಮುಖ್ಯಸ್ಥರಿಗೇ ಪತ್ರ ಬರೆದಿದ್ದ ಪ್ರಿಯಾ ಝಿಂಗನ್, ಚೆನ್ನೈ ತರಬೇತಿ ಅಕಾಡೆಮಿಯ ಮೊದಲ ತಂಡದಲ್ಲಿ ಒಬ್ಬರಾದರು. ಆದರೆ ಸಿಕ್ಕಿದ್ದು ಅಲ್ಪಾವಧಿ ಸೇವೆ. ಅದು ಐದು ವರ್ಷದಿಂದ ಹತ್ತಕ್ಕೆ, ಆಮೇಲೆ ಹದಿನಾಲ್ಕಕ್ಕೆ ಏರಿತು. ಪಿಂಚಣಿಗೆ ಬೇಕಾದದ್ದು ಇಪ್ಪತ್ತು ವರ್ಷ. ಮೈಯಲ್ಲಿ ಕಸುವಿದ್ದಷ್ಟು ದಿನ ದುಡಿಸಿಕೊಂಡು, ನಡುವಯಸ್ಸಿನಲ್ಲಿ ಬರಿಗೈಯಲ್ಲಿ ಮನೆಗೆ ಕಳಿಸುವ ಏರ್ಪಾಡು ಅದು.

ನಿವೃತ್ತಿಯವರೆಗಿನ ಕಾಯಂ ಸೇವೆ, ಅಂದರೆ ಪರ್ಮನೆಂಟ್ ಕಮಿಷನ್ ಕೇಳಿ 2003ರಲ್ಲಿ ವಕೀಲೆ ಬಬಿತಾ ಪುನಿಯಾ ದೆಹಲಿ ಹೈಕೋರ್ಟಿಗೆ ಹೋದರು. 2010ರಲ್ಲಿ ತೀರ್ಪು ಮಹಿಳೆಯರ ಪರವಾಗಿ ಬಂತು. ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಇನ್ನೂ ಹತ್ತು ವರ್ಷ ಹೋಯಿತು. ಹಳ್ಳಿಗಾಡಿನಿಂದ ಬಂದ ಜವಾನರು ಹೆಂಗಸಿನ ಹುಕುಂ ಒಪ್ಪಿಕೊಳ್ಳುವ ಮನಸ್ಥಿತಿಯಲ್ಲಿಲ್ಲ ಎಂದೂ ಸರ್ಕಾರ ಬರೆದುಕೊಟ್ಟಿತ್ತು. 2020ರ ಫೆಬ್ರವರಿ 17ರಂದು ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಈ ವಾದವನ್ನು ತಳ್ಳಿಹಾಕಿದರು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಮರುವರ್ಷ ಮಾರ್ಚ್‌ನಲ್ಲಿ, ಸೇನಾಧಿಕಾರಿ ನಿತಿಶಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. 2020ರ ತೀರ್ಪಿನಂತೆ ಮಹಿಳಾ ಅಧಿಕಾರಿಗಳನ್ನು ಕಾಯಂ ಸೇವೆಗೆ ಪರಿಗಣಿಸುವಾಗ ಸೇನೆ ಅವರ ಹಳೆಯ ವಾರ್ಷಿಕ ಗೋಪ್ಯ ವರದಿಗಳನ್ನು ತೆಗೆದಿತ್ತು. ಆ ವರದಿಗಳನ್ನು ಬರೆದ ಕಾಲದಲ್ಲಿ ಹೆಂಗಸರಿಗೆ ಕಾಯಂ ಸೇವೆಯೇ ಇರಲಿಲ್ಲ, ಹಾಗಾಗಿ ಅವರ ಮುಂದಿನ ದಾರಿಯ ಬಗ್ಗೆ ತಲೆ ಕೆಡಿಸಿಕೊಂಡು ಯಾರೂ ಬರೆದಿರಲಿಲ್ಲ. ಕಾಟಾಚಾರಕ್ಕೆ ಬರೆದ ಅದೇ ಅಂಕಗಳು ಈಗ ಅವರಿಗೇ ಮುಳುವಾದವು. ದೈಹಿಕ ಸಾಮರ್ಥ್ಯದ್ದೂ ಇದೇ ಕಥೆ. ಗಂಡಸರಿಗೆ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ ಆಗುವ ಪರೀಕ್ಷೆ, ನ್ಯಾಯ ಸಿಗುವ ಹೊತ್ತಿಗೆ ವಯಸ್ಸಾಗಿದ್ದ ಈ ಮಹಿಳೆಯರಿಗೆ ನಲವತ್ತೈದರ ಆಸುಪಾಸಿನಲ್ಲಿ ನಡೆಯಿತು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನಿಯಮ. ಒಳಗೆ ನೋಡಿದರೆ ತಾರತಮ್ಯವೇ ಎಂದು ಕೋರ್ಟು ಹೇಳಿತು.

ಆಮೇಲಿನದು ವೇಗದ ಓಟ. ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನದ ಮೇಲೆ ಪಳಗಿದ ಮೂವರು ಯುವತಿಯರು ಆಗಲೇ ಯುದ್ಧವಿಮಾನದ ಪೈಲಟ್‌ಗಳಾಗಿದ್ದರು. 2021ರ ಮೇನಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳು ಹೊರಬಿದ್ದರು. ಅಧಿಕಾರಿಗಳಾಗಿ ಅಲ್ಲ, ಸಿಪಾಯಿಗಳಾಗಿ, ಕೋವಿಡ್‌ನಿಂದಾಗಿ ಸದ್ದುಗದ್ದಲವಿಲ್ಲದ ಪರೇಡಿನಲ್ಲಿ. ಆ ದಿನಕ್ಕೆ ಸಿಗಬೇಕಾದಷ್ಟು ಪ್ರಚಾರ ನಮ್ಮ ಪತ್ರಿಕೆಗಳಲ್ಲಿ ಸಿಗಲಿಲ್ಲ. 2025ರ ಮೇ 30ರಂದು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) ಮೊದಲ 17 ಯುವತಿಯರು ತೇರ್ಗಡೆಯಾದರು. ಅವರಿಗೆ ಆ ಪ್ರವೇಶ ಪರೀಕ್ಷೆ ತೆರೆದದ್ದೂ ಕೋರ್ಟಿನ ಆದೇಶವೇ. ಪದಾತಿ ದಳ, ಟ್ಯಾಂಕ್ ದಳಗಳಲ್ಲಿ ಮಹಿಳಾ ಅಧಿಕಾರಿಗಳಿಗೆ ಇನ್ನೂ ಜಾಗವಿಲ್ಲ.

ಇಲ್ಲಿಯವರೆಗಿನದು ಭದ್ರತೆಯ ಕಥೆ. ಶಾಂತಿಯ ಕಥೆ ಬೇರೆಯೇ ಇದೆ. ಹೊರದೇಶಗಳಲ್ಲಿ ನಮ್ಮ ಸಾಧನೆ ಚೆನ್ನಾಗಿದೆ. 2007ರಲ್ಲಿ ಲೈಬೀರಿಯಾಕ್ಕೆ ಹೋದ ವಿಶ್ವಸಂಸ್ಥೆಯ ಮೊದಲ ಪೂರ್ಣ ಮಹಿಳಾ ಪೊಲೀಸ್ ತುಕಡಿ ನಮ್ಮ ಸಿಆರ್‌ಪಿಎಫ್‌ನದು. ಮನ್ರೋವಿಯಾದಲ್ಲಿ ರಾತ್ರಿ ಗಸ್ತು ಹೊಡೆದ ಅವರನ್ನು ನೋಡಿ ಅಲ್ಲಿನ ಹೆಣ್ಣುಮಕ್ಕಳೂ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕತೊಡಗಿದರು.

ಒಳಗೆ ಬಂದರೆ ಚಿತ್ರ ಬದಲಾಗುತ್ತದೆ. ಸಂಘರ್ಷ ತಡೆಯುವ, ಸಂಧಾನ ನಡೆಸುವ ಎಲ್ಲ ಹಂತಗಳಲ್ಲೂ ಮಹಿಳೆಯರಿರಬೇಕು ಎಂಬ 1325ನೇ ಗೊತ್ತುವಳಿಯನ್ನು ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು ಅಂಗೀಕರಿಸಿತು. ನೂರಕ್ಕೂ ಹೆಚ್ಚು ದೇಶಗಳು ಅದಕ್ಕೆ ತಕ್ಕ ರಾಷ್ಟ್ರೀಯ ಕ್ರಿಯಾಯೋಜನೆ ಮಾಡಿಕೊಂಡಿವೆ. ಭಾರತ ಮಾಡಿಲ್ಲ. ಈಶಾನ್ಯ, ಕಾಶ್ಮೀರ ಎಲ್ಲವೂ ನಮ್ಮ ಆಂತರಿಕ ವಿಷಯ, ಅಲ್ಲಿಗೆ ಆ ಗೊತ್ತುವಳಿ ಅನ್ವಯಿಸದು ಎಂಬುದು ದೆಹಲಿಯ ಹಳೆಯ ನಿಲುವು. 2010ರಲ್ಲಿ ಕಾಶ್ಮೀರಕ್ಕೆ ಮೂವರು ಸಂವಾದಕರನ್ನು ನೇಮಿಸಿದಾಗ ಅವರಲ್ಲೊಬ್ಬರು ರಾಧಾ ಕುಮಾರ್. ಅಂಥ ನೇಮಕ ನಮ್ಮಲ್ಲಿ ಬಲು ಅಪರೂಪ.

ಕೆಲಸ ಮಾಡುವ ಹೆಂಗಸರಿಗಂತೂ ಬರವಿಲ್ಲ. 1984ರಲ್ಲಿ ಕೊಹಿಮಾದಲ್ಲಿ ಹುಟ್ಟಿದ ನಾಗಾ ಮದರ್ಸ್ ಅಸೋಸಿಯೇಷನ್ ಯಾವ ಕಡೆಯ ಗುಂಡಿಗೆ ಸತ್ತವರಾದರೂ ಸರಿ, ವಾರಸುದಾರರಿಲ್ಲದ ಹೆಣಗಳಿಗೆ ನಾಗಾ ಶಾಲು ಹೊದಿಸಿ ಮಣ್ಣು ಮಾಡಿತು. ಬಡಿದಾಡುವ ಬಣಗಳನ್ನು ಮಾತಿಗೆ ಕೂರಿಸಲು ಈ ತಾಯಂದಿರು ಮ್ಯಾನ್ಮಾರ್ ಕಾಡಿನ ಶಿಬಿರಗಳವರೆಗೂ ಹೋದರು. ಇದಕ್ಕೆ ಹಳೆಯ ಬೇರೂ ಇದೆ: ಒಂದು ಊರಲ್ಲಿ ಹುಟ್ಟಿ ಇನ್ನೊಂದು ಊರಿಗೆ ಮದುವೆಯಾದ ತಾಂಗ್‌ಖುಲ್ ನಾಗಾ ಹೆಂಗಸು ಕಾದಾಡುವ ಎರಡೂರಿನ ನಡುವೆ ನಿಂತರೆ, ಅವಳ ಮೈ ಮುಟ್ಟುವಂತಿರಲಿಲ್ಲ.

ಇಷ್ಟು ಗೌರವ ಕೊಟ್ಟ ಸಮಾಜ, ನಾಗಾಲ್ಯಾಂಡಿನ ಪುರಸಭೆಗಳಲ್ಲಿ ಮಹಿಳೆಯರಿಗೆ ಶೇ 33 ಮೀಸಲಾತಿ ಎಂದಾಗ ತಿರುಗಿಬಿತ್ತು. ಸಂವಿಧಾನದ 371ಎ ವಿಧಿ ರಕ್ಷಿಸುವ ಸಾಂಪ್ರದಾಯಿಕ ಕಟ್ಟಳೆಗೆ ಅದು ವಿರುದ್ಧ ಎಂಬುದು ಬುಡಕಟ್ಟು ಸಂಘಟನೆಗಳ ವಾದ. 2017ರ ಗಲಭೆಯಲ್ಲಿ ದಿಮಾಪುರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವಕರು ಸತ್ತರು, ಕೊಹಿಮಾ ಪುರಸಭೆ ಕಚೇರಿ ಸುಟ್ಟುಹೋಯಿತು, ಮುಖ್ಯಮಂತ್ರಿ ಜೆಲಿಯಾಂಗ್ ರಾಜೀನಾಮೆ ಕೊಟ್ಟರು. ಕಾಡಿಗೆ ಹೋಗಿ ಬಂದೂಕುಧಾರಿಗಳ ಜತೆ ಮಾತಾಡಬಹುದು, ಊರ ಚರಂಡಿಯ ಬಜೆಟ್ ಬಗ್ಗೆ ಮಾತಾಡಬಾರದು! ಮತ್ತೆ ಕೋರ್ಟೇ ಬೆನ್ನು ಹತ್ತಬೇಕಾಯಿತು.

1963ರಲ್ಲಿ ರಚನೆಯಾದ ಈ ರಾಜ್ಯದ ವಿಧಾನಸಭೆಗೆ ಮೊದಲ ಇಬ್ಬರು ಮಹಿಳೆಯರು ಗೆದ್ದು ಬಂದದ್ದು 2023ರಲ್ಲಿ. ಮೀಸಲಾತಿಯೊಂದಿಗೆ ನಗರಸಂಸ್ಥೆ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ, ಎರಡು ದಶಕಗಳ ನಂತರ. 2015ರ ಆಗಸ್ಟ್ 3ರಂದು ದೆಹಲಿಯಲ್ಲಿ ಕೇಂದ್ರ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವಿನ ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದವರೆಲ್ಲ ಗಂಡಸರೇ ಆಗಿದ್ದರು.