ದಾದರಿನಿಂದ ದಾದರಿಗೆ: ನೀರಿದ್ದ ನೆಲದ ಮೇಲೆ ಒಂದು ದಿನ

ನಮ್ಮ ಬಳಗದ ದಂಪತಿಗಳು ಮಗಳ ಮನೆಗೆಂದು ಹಾಲೆಂಡಿಗೆ ಹೋಗಿ ಬಂದವರು, ಒಂದು ಸಂಜೆ ಚಹಾದ ಹೊತ್ತಿಗೆ ತಾವು ಆಂಸ್ಟರ್‌ಡಾಮ್ ನಗರವನ್ನು ದಿನವಿಡೀ ಕಾಲ್ನಡಿಗೆಯಲ್ಲಿ ಸುತ್ತಿದ ಕಥೆ ಹೇಳಿದರು. 1613ರಿಂದ ತೋಡಲಾರಂಭಿಸಿದ ದೊಡ್ಡ ಕಾಲುವೆಗಳಲ್ಲಿ ಇಂದಿಗೂ ದೋಣಿ ಓಡಾಡುತ್ತವೆ, ಜೌಗು ನೆಲದಲ್ಲಿ ಕಟ್ಟಿದ ಅರಮನೆಯ ಅಡಿಯಲ್ಲೇ 13,659 ಮರದ ಕಂಬಗಳಿವೆ ಎಂದೆಲ್ಲ ಕೇಳಿ ನಾವು ಬೆರಗಾದೆವು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ, "ನಾವಿರುವುದೂ ನೀರಿನ ಊರೇ ಅಲ್ಲವೇನ್ರೀ? ಮೇಲೆ ಮಣ್ಣು ಹಾಕಿದ್ದಾರೆ, ಕಾಣುವುದಿಲ್ಲ ಅಷ್ಟೆ" ಎಂದರು. ಆ ಮಾತಿನ ಬೆನ್ನು ಹಿಡಿದು ನಾವು ಏಳೆಂಟು ಮಂದಿ, ಕಾರ್ತಿಕದ ಒಂದು ಭಾನುವಾರ ನಸುಕಿನಲ್ಲಿ ದಾದರ್ ಟಿ.ಟಿ.ಯಲ್ಲಿ ಕೂಡಿದೆವು.

ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ಹೊರಟ ಕೊನೆಯ ಟ್ರಾಮು ಇಲ್ಲಿಗೇ ಬಂದು ನಿಂತಿತು. ದಾದರ್ ಎಂದರೆ ಮರಾಠಿಯಲ್ಲಿ ಮೆಟ್ಟಿಲು. ಮುಂಬಯಿಗೆ ಹತ್ತುವ ಮೆಟ್ಟಿಲೆಂದು ಈ ಹೆಸರು ಬಂತೆನ್ನುತ್ತಾರೆ. ಹಾಗಿದ್ದರೂ ನಾವು ಮೊದಲು ಇಳಿದು ಹೋದದ್ದು ದಕ್ಷಿಣಕ್ಕೆ, ಹಿಂದ್‌ಮಾತಾಕ್ಕೆ. ಸುತ್ತಲಿನ ರಸ್ತೆಗಳೆಲ್ಲ ಅಲ್ಲಿಗೆ ಇಳಿಯುತ್ತವೆ, ನೆಲ ಬಟ್ಟಲಿನಂತಿದೆ. ಮಳೆಗಾಲದಲ್ಲಿ ಇಲ್ಲಿ ಮೊಣಕಾಲು ಮುಳುಗದ ದಾದರಿನವರು ಯಾರಿದ್ದಾರೆ?

ಈ ಬಟ್ಟಲಿನ ಹಿಂದೆ ಒಂದು ದೊಡ್ಡ ಕಥೆಯಿದೆ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ತುಗೀಜರಿಂದ ಇಂಗ್ಲೆಂಡಿನ ದೊರೆಗೆ ಬಂದು, 1668ರಲ್ಲಿ ವರ್ಷಕ್ಕೆ 10 ಪೌಂಡು ಗೇಣಿಗೆ ಕಂಪನಿಯ ಕೈಸೇರಿದ ಮುಂಬಯಿ ಒಂದೇ ನೆಲವಾಗಿರಲಿಲ್ಲ. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ದ್ವೀಪಗಳು; ನಡುವೆ ಭರತಕ್ಕೆ ತುಂಬಿ ಇಳಿತಕ್ಕೆ ಕೆಸರಾಗುವ ತಗ್ಗು. ಮಹಾಲಕ್ಷ್ಮಿಗೂ ವರ್ಲಿಗೂ ನಡುವಿದ್ದ ಕಂಡಿಯಿಂದ ಸಮುದ್ರ ಒಳಗೆ ನುಗ್ಗುತ್ತಿತ್ತು. 1771ರಿಂದ 1784ರವರೆಗೆ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿ ಆ ಕಂಡಿಗೆ ಕಟ್ಟೆ ಕಟ್ಟಿಸಿದ. ಕಟ್ಟೆ ಮತ್ತೆ ಮತ್ತೆ ಕುಸಿಯಿತೆಂದೂ, ರಾಮಜಿ ಶಿವಜಿ ಪ್ರಭು ಎಂಬ ಎಂಜಿನಿಯರನ ಕನಸಿನಲ್ಲಿ ದೇವಿ ಬಂದು ನೀರಿನಡಿಯ ತನ್ನ ಮೂರ್ತಿಯನ್ನು ಮೇಲೆತ್ತಲು ಹೇಳಿದಳೆಂದೂ ಐತಿಹ್ಯ. ಇಂದಿನ ಮಹಾಲಕ್ಷ್ಮಿ ಗುಡಿ ಆ ಕಥೆಗೆ ಅಂಟಿಕೊಂಡಿದೆ. ಕಥೆ ಏನೇ ಇರಲಿ, ಕಟ್ಟೆಯ ಒಳಗಿನ ತಗ್ಗು ಒಣಗಿತು. ಊರು ಅದರ ಮೇಲೆ ಬೆಳೆಯಿತು. ಆದರೆ ತಗ್ಗು ತಗ್ಗಾಗಿಯೇ ಉಳಿಯಿತು. ಈಚಿನ ವರ್ಷಗಳಲ್ಲಿ ಹಿಂದ್‌ಮಾತಾದ ಮಳೆನೀರನ್ನು ತುಂಬಿಸಿಡಲು ದಾದರಿನ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲೂ ಪರೇಲಿನ ಒಂದು ಮೈದಾನದ ಅಡಿಯಲ್ಲೂ ನಗರಪಾಲಿಕೆ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿದೆ. ಹಾಲೆಂಡಿಗೆ ಹೋಗಿ ಬಂದವರು, "ಅಲ್ಲಿ ನೀರು ಮನೆಯ ಮುಂದಿದೆ, ಇಲ್ಲಿ ಮಕ್ಕಳ ಜೋಕಾಲಿಯ ಅಡಿಯಲ್ಲಿ" ಎಂದು ನಕ್ಕರು.

ಅಲ್ಲಿಂದ ಉತ್ತರಕ್ಕೆ ತಿರುಗಿ ಹಿಂದೂ ಕಾಲೊನಿ ಹೊಕ್ಕೆವು. 1896ರ ಪ್ಲೇಗಿಗೆ ತತ್ತರಿಸಿದ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಗದ್ದೆ, ತೋಟಗಳಾಗಿದ್ದ ದಾದರ್, ಮಾಟುಂಗಾ, ವಡಾಲಾ, ಸಾಯನ್‌ಗಳಿಗೆ ಆ ಟ್ರಸ್ಟು ನಕ್ಷೆ ಬರೆದು ಅಗಲವಾದ ರಸ್ತೆಗಳನ್ನೂ ಗಾಳಿಯಾಡುವ ಮನೆಗಳನ್ನೂ ತಂದಿತು. ಡಾ. ಅಂಬೇಡ್ಕರರು ಪುಸ್ತಕಗಳಿಗಾಗಿಯೇ ಕಟ್ಟಿಸಿದಂತಿರುವ ರಾಜಗೃಹದ ಮುಂದೆ ತುಸು ನಿಂತು, ಫೈವ್ ಗಾರ್ಡನ್ಸಿನ ನೆರಳಿನಲ್ಲಿ ಹಾದು ಮಾಟುಂಗಾ ತಲಪಿದೆವು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ನಿನ ಮನೆ ಇರುವುದೂ ಈ ನಕ್ಷೆಯ ಊರಿನಲ್ಲೇ. ನಮ್ಮ ಕನ್ನಡ ನಾಟಕ, ಯಕ್ಷಗಾನ, ಹರಟೆ ಎಲ್ಲಕ್ಕೂ ನೆಲ ಕೊಟ್ಟದ್ದು ಪ್ಲೇಗಿನ ಭಯ ಎನ್ನಬೇಕು. ಉಡುಪಿ ಹೋಟೆಲಿನಲ್ಲಿ ಇಡ್ಲಿ, ಕಾಫಿ ಮುಗಿಸಿ ಕಿಂಗ್ಸ್ ಸರ್ಕಲ್ ದಾಟಿದೆವು. ಮಳೆ ಬಂದರೆ ಇದೂ ಕೆರೆಯೇ.

ಸಾಯನ್ ಎಂಬುದು ಮರಾಠಿಯ ಶೀವ್, ನಮ್ಮ ಸೀಮೆ. 1669ರಿಂದ 1677ರವರೆಗೆ ಗವರ್ನರನಾಗಿದ್ದ ಜೆರಾಲ್ಡ್ ಆಂಜಿಯರನ ಕಾಲದ ಕೋಟೆ ಗುಡ್ಡದ ಮೇಲಿದೆ. ಅಂದು ಈಚೆ ಇಂಗ್ಲಿಷರು, ಖಾಡಿಯಾಚೆಯ ಸಾಷ್ಟಿಯಲ್ಲಿ ಪೋರ್ತುಗೀಜರು. ಗುಡ್ಡ ಇಳಿದು ಧಾರಾವಿಯಲ್ಲಿ ಕಾಳಾ ಕಿಲ್ಲಾ ಹುಡುಕುವುದು ಅಷ್ಟು ಸುಲಭವಾಗಲಿಲ್ಲ. ಬೆಸ್ಟ್ ಡಿಪೋದ ಹೆಸರಾಗಿ ಎಲ್ಲರಿಗೂ ಗೊತ್ತು, ಕೋಟೆ ಎಲ್ಲಿದೆಯೆಂದರೆ ಮುಖ ನೋಡುತ್ತಾರೆ. ಗವರ್ನರ್ ಜಾನ್ ಹಾರ್ನ್ 1737ರಲ್ಲಿ ಕಟ್ಟಿಸಿದನೆಂಬ ಶಾಸನ ಗೋಡೆಯ ಮೇಲಿದೆ. ಅದೇ ವರ್ಷ ಮರಾಠರು ಠಾಣೆಯನ್ನು ಗೆದ್ದಿದ್ದರು. ಇಂಗ್ಲಿಷರ ನಿದ್ದೆ ಕೆಟ್ಟದ್ದು ಸಹಜ. ಮೀಠಿ ನದಿಯನ್ನು ಕಾಯಲು ಕಟ್ಟಿದ ಈ ಕೋಟೆಯ ಬುಡದಲ್ಲಿ ನಿಂತರೆ ಇಂದು ನದಿಯೇ ಕಾಣಿಸದು. ನಡುವೆ ಅಷ್ಟು ನೆಲ ಬೆಳೆದಿದೆ.

ಇಲ್ಲಿ ನಮ್ಮೊಡನಿದ್ದ ಸೋದರಿಯೊಬ್ಬರು ತಾವಾಗಿಯೇ ಮಾತಿಗೆ ತೊಡಗಿದರು. 2005ರ ಜುಲೈ 26ರಂದು ಕುರ್ಲಾದ ಕಚೇರಿಯಿಂದ ದಾದರಿನ ಮನೆಗೆ ಅವರು ಇದೇ ದಾರಿಯಾಗಿ ನಡೆದಿದ್ದರು. ಆ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ, ಕೊಲಾಬಾದಲ್ಲಿ ನೂರು ಮಿ.ಮೀ. ಕೂಡ ಇಲ್ಲ. ವಿಹಾರ್, ಪೊವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ, ವಿಮಾನ ನಿಲ್ದಾಣದ ಅಡಿಯಲ್ಲಿ ನುಸುಳಿ, ಬಾಂದ್ರಾ ಕುರ್ಲಾ ಸಂಕೀರ್ಣಕ್ಕೆಂದು ತುಂಬಿಸಿದ ಜೌಗಿನ ಪಕ್ಕ ಹರಿವ ಮೀಠಿಗೆ ಹಿಗ್ಗಲು ಜಾಗವಿರಲಿಲ್ಲ. ನಗರದಲ್ಲಿ ನೂರಾರು ಜನ ಸತ್ತರು. "ಸೊಂಟದವರೆಗೆ ನೀರು, ಮುಂದಿನವರ ಚೀಲದ ಪಟ್ಟಿ ಹಿಡಿದು ನಡೆದೆ. ಯಾರ ಚೀಲವೆಂದು ಇವತ್ತಿಗೂ ಗೊತ್ತಿಲ್ಲ. ಮನೆ ಸೇರಿದಾಗ ರಾತ್ರಿ ಎರಡು ಗಂಟೆ" ಎಂದರು. ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮಾಹಿಮ್ ಕಟ್ಟೆರಸ್ತೆ ಮುಟ್ಟಿದೆವು. ಮೀಠಿ ಸಮುದ್ರ ಸೇರುವುದು ಇಲ್ಲಿ. ಮೂಗು ಮುಚ್ಚಿಕೊಂಡೇ ನೋಡಬೇಕು. 1841ರಲ್ಲಿ ಈ ಖಾಡಿಯಲ್ಲಿ 20 ದೋಣಿಗಳು ಮಗುಚಿದವು. ಸರ್ ಜಮಶೇಟ್‌ಜಿ ಜೀಜೀಭಾಯಿಯವರ ಪತ್ನಿ ಅವಾಬಾಯಿ 1,57,000 ರೂಪಾಯಿ ಕೊಟ್ಟು, ದಾಟುವವರಿಂದ ಸುಂಕ ತೆಗೆದುಕೊಳ್ಳಬಾರದೆಂಬ ಷರತ್ತು ಹಾಕಿದರು. 1845ರಲ್ಲಿ ದಾರಿ ತೆರೆಯಿತು. 2009ರಲ್ಲಿ ಶುರುವಾದ ವರ್ಲಿ ಬಾಂದ್ರಾ ಸಾಗರ ಸೇತು ಅಲ್ಲಿಂದಲೇ ಕಾಣುತ್ತದೆ. ಅದಕ್ಕೆ ಟೋಲ್ ಇದೆ; ನಡೆಯುವವರಿಗೆ ಪ್ರವೇಶವೇ ಇಲ್ಲ.

ಆ ತಾಯಿಯ ಹೆಸರಿನ ರಸ್ತೆ ಹಿಡಿದೇ ದಕ್ಷಿಣಕ್ಕೆ ಮರಳಿದೆವು. 1925ರಲ್ಲಿ ಮಾಹಿಮ್ ಪಾರ್ಕ್ ಆಗಿ ಹುಟ್ಟಿ ಎರಡು ವರ್ಷಗಳಲ್ಲಿ ಹೊಸ ಹೆಸರು ಪಡೆದ ಶಿವಾಜಿ ಪಾರ್ಕಿನಲ್ಲಿ ಕ್ರಿಕೆಟ್ ನಡೆದಿತ್ತು. ಕಾಲು ಸೋತಿದ್ದವು, ಹದಿಮೂರು ಕಿಲೋಮೀಟರಿಗೆ ಕಡಿಮೆಯಿಲ್ಲ. 1956ರಲ್ಲಿ ಅಂಬೇಡ್ಕರರ ಅಂತ್ಯಸಂಸ್ಕಾರ ನಡೆದ ಚೈತ್ಯಭೂಮಿಗೆ ನಮಿಸಿ ಚೌಪಾಟಿಯ ಮರಳಿನಲ್ಲಿ ಕೂತೆವು.

ಭರತ ಏರುತ್ತಿತ್ತು. ಊರಿನ ಹಳೆಯ ಮೋರಿಗಳ ಬಾಯಿಗಳಲ್ಲಿ ಬಹಳಷ್ಟು ಭರತದ ಮಟ್ಟಕ್ಕಿಂತ ಕೆಳಗಿವೆ. ದೊಡ್ಡ ಭರತವೂ ದೊಡ್ಡ ಮಳೆಯೂ ಒಟ್ಟಿಗೆ ಬಂದರೆ ನೀರು ಹೊರಗೆ ಹೋಗದೆ, ಎರಡು ಶತಮಾನದ ಹಿಂದಿನ ತನ್ನ ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕಾಗಿಯೇ ಮಳೆಗಾಲಕ್ಕೆ ಮುಂಚೆ ನಾಲ್ಕೂವರೆ ಮೀಟರಿಗೆ ಮೀರಿದ ಭರತಗಳ ದಿನ, ಗಳಿಗೆ ಪತ್ರಿಕೆಗಳಲ್ಲಿ ಬರುತ್ತವೆ. ಆ ಪಟ್ಟಿಯನ್ನು ಕತ್ತರಿಸಿ ಅಡುಗೆಮನೆಯ ಪಂಚಾಂಗದ ಪಕ್ಕ ಅಂಟಿಸುವ ರೂಢಿ ನಮ್ಮಲ್ಲಿ ಮೂರು ಮನೆಗಳಲ್ಲಿದೆಯೆಂದು ಅಲ್ಲಿ ಕೂತಾಗ ತಿಳಿಯಿತು. ಉಳಿದವರೂ ಬರುವ ಮಳೆಗಾಲಕ್ಕೆ ಅಂಟಿಸುತ್ತೇವೆಂದರು.