ವರ್ಣಪಟಲದ ಸಾಕ್ಷ್ಯ ಮತ್ತು ನ್ಯಾಯನಿರ್ಣಯ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ನ್ಯಾಯಾಲಯಗಳಲ್ಲಿ ಇಂದು ಜ್ಯೂರಿ ಇಲ್ಲ. 1958ರಲ್ಲಿ ಕಾನೂನು ಆಯೋಗವು ಆ ಪದ್ಧತಿಯ ರದ್ದತಿಯನ್ನು ಶಿಫಾರಸು ಮಾಡಿ, 1973ರ ದಂಡಪ್ರಕ್ರಿಯಾ ಸಂಹಿತೆಯು ಅದಕ್ಕೆ ಎಡೆಗೊಡದೆ ಹೋದುದರಿಂದ, ತಜ್ಞನ ಮಾತನ್ನು ತೂಗಿನೋಡುವ ಹೊಣೆಯೆಲ್ಲವೂ ನ್ಯಾಯಾಧೀಶರ ಮೇಲೆಯೇ ಬಿದ್ದಿದೆ. ಶಾಸ್ತ್ರವನ್ನರಿಯದವರಿಗೆ ಶಾಸ್ತ್ರವನ್ನು ತಿಳಿಯಹೇಳುವ ಕರ್ತವ್ಯವಾದರೋ ಅಂದಿನಂತೆಯೇ ಉಳಿದಿದೆ.

ದೇಹದ ಗುರುತಿನ ಸಾಕ್ಷ್ಯದ ಮಟ್ಟಿಗೆ ಈ ಕರ್ತವ್ಯದ ಇತಿಹಾಸವು ಬೆರಳಚ್ಚಿನಿಂದ ಮೊದಲಾಗುತ್ತದೆ. ಬಂಗಾಳದ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರು ದುಡಿದು ರೂಪಿಸಿದ ವರ್ಗೀಕರಣವನ್ನಾಶ್ರಯಿಸಿ 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯವು ಸ್ಥಾಪಿತವಾಯಿತು. ಮರುವರ್ಷ ಜಲಪಾಯಿಗುಡಿಯ ಚಹಾತೋಟದ ಕೊಲೆಯ ಮೊಕದ್ದಮೆಯಲ್ಲಿ, ಪಂಚಾಂಗದ ಮೇಲಿದ್ದ ಹೆಬ್ಬೆರಳ ಗುರುತು ಆರೋಪಿಯದೇ ಎಂದು ಸಿದ್ಧವಾದರೂ, ನ್ಯಾಯಾಲಯವು ಅವನನ್ನು ಕಳವಿಗೆ ದಂಡಿಸಿ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಗುರುತು ವ್ಯಕ್ತಿಯನ್ನು ತೋರಿಸುವುದೇ ಹೊರತು ಕೃತ್ಯವನ್ನಲ್ಲವೆಂಬ ವಿವೇಕವು ಅಲ್ಲಿಯೇ ಮೈದೋರಿತ್ತು.

ಕಣ್ಣಿನ ವರ್ಣಪಟಲ, ಎಂದರೆ ಐರಿಸ್, ಇದೇ ಪರಂಪರೆಯ ಈಚಿನ ಕುಡಿ. ವರ್ಣಪಟಲದಿಂದ ವ್ಯಕ್ತಿಯನ್ನು ಗುರುತಿಸುವ ಕಲ್ಪನೆಗೆ 1987ರಲ್ಲಿ ಫ್ಲಾಮ್ ಮತ್ತು ಸಫೀರ್ ಎಂಬ ವೈದ್ಯರು ಪೇಟೆಂಟ್ ಪಡೆದರು. ಅದನ್ನು ಗಣಿತಕ್ಕಿಳಿಸಿದ ಕೇಂಬ್ರಿಜ್‌ನ ಜಾನ್ ಡಾಗ್‌ಮನ್ನರ ವಿಧಾನಕ್ಕೆ 1994ರಲ್ಲಿ ಪೇಟೆಂಟ್ ದೊರೆಯಿತು. ಅವರ ವಿಧಾನದಲ್ಲಿ ಪಟಲದ ವಿನ್ಯಾಸವು 2048 ಬಿಟ್‌ಗಳ ಸಂಕೇತವಾಗುತ್ತದೆ. ಬೇರೆ ಬೇರೆ ಕಣ್ಣುಗಳ ಸಂಕೇತಗಳು ಸುಮಾರು ಅರ್ಧದಷ್ಟು ಭಿನ್ನವಾಗಿರುತ್ತವೆ, ಒಂದೇ ಕಣ್ಣಿನ ಎರಡು ಚಿತ್ರಗಳಲ್ಲಿಯಾದರೆ ಭೇದವು ಬಹಳ ಅಲ್ಪ. ಆದುದರಿಂದ ಯಂತ್ರವು ಹೇಳುವುದು ‘ಇವನೇ’ ಎಂದಲ್ಲ. ಭೇದವು ಗೊತ್ತುಪಡಿಸಿದ ಮಿತಿಯೊಳಗಿದೆ ಎಂದಷ್ಟೆ. 1984ರ ಛಾಯಾಚಿತ್ರವೊಂದರಲ್ಲಿ ಕಂಡ ಅಫ್ಘನ್ ಬಾಲಿಕೆಯೊಬ್ಬಳನ್ನು 2002ರಲ್ಲಿ ಡಾಗ್‌ಮನ್ ಗುರುತಿಸಿದುದು ಈ ಗಣನೆಯ ಬಲದಿಂದಲೇ.

ಶಹಾಬಾದಿನ ಕಲ್ಲುಗಣಿಗಳಲ್ಲಿಯೂ ವಾಡಿಯ ಸಿಮೆಂಟಿನ ಸೀಮೆಯಲ್ಲಿಯೂ ಈ ವಿಷಯಕ್ಕೆ ವಿಶೇಷ ಪ್ರಸಕ್ತಿಯುಂಟು. ಕಲ್ಲು ಹೊತ್ತು ಸವೆದ ಬೆರಳುಗಳ ರೇಖೆಯನ್ನು ಯಂತ್ರವು ಓದಲಾರದಾದಾಗ ಕಣ್ಣೇ ಗುರುತಿಗೆ ಆಧಾರವಾಗುತ್ತದೆ. ಆದರೆ ಆಧಾರ್‌ಗಾಗಿ ಕೊಟ್ಟ ಕಣ್ಣಿನ ದತ್ತಾಂಶವನ್ನು ಯಾರಿಗೂ ಒಪ್ಪಿಸಕೂಡದೆಂದು 2016ರ ಅಧಿನಿಯಮದ 29ನೆಯ ಪ್ರಕರಣವು ವಿಧಿಸಿದೆ. ಪೊಲೀಸರಿಗೆ ಐರಿಸ್ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಅಧಿಕಾರವು ದೊರೆತುದು, 1920ರ ಬಂದಿಗಳ ಗುರುತಿನ ಕಾಯಿದೆಯ ಸ್ಥಾನದಲ್ಲಿ ಬಂದ 2022ರ ಅಧಿನಿಯಮದಿಂದ. ಆ ದಾಖಲೆಗಳು 75 ವರ್ಷ ಉಳಿಯತಕ್ಕವು.

ಬೆರಳಿನಂತೆ ಕಣ್ಣು ಘಟನಾಸ್ಥಳದಲ್ಲಿ ಅಚ್ಚನ್ನು ಬಿಟ್ಟುಹೋಗುವುದಿಲ್ಲ. ಕ್ಯಾಮೆರಾ ಹಿಡಿದ ಚಿತ್ರವೊಂದೇ ಅದರ ಕುರುಹು. ತಜ್ಞನು ತನ್ನ ತೀರ್ಮಾನವನ್ನು ಪರೀಕ್ಷಿಸತಕ್ಕ ಮಾನದಂಡಗಳನ್ನೂ ನ್ಯಾಯಾಧೀಶರ ಮುಂದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1999ರ ಜೈಲಾಲ್ ಪ್ರಕರಣದಲ್ಲಿ ಹೇಳಿದೆ. ಅದರಂತೆ ಚಿತ್ರದ ಗುಣಮಟ್ಟ, ದೊರೆತ ಭೇದಾಂಕ, ಒಪ್ಪಿಕೊಂಡ ಮಿತಿ, ತಪ್ಪು ಹೊಂದಿಕೆಯ ಸಂಭವ, ಈ ನಾಲ್ಕನ್ನೂ ತಿಳಿಗನ್ನಡದಲ್ಲಿ ವಿವರಿಸದ ವರದಿಯನ್ನು ತಾಲ್ಲೂಕಿನ ನ್ಯಾಯಾಲಯವಾಗಲಿ ಕಲಬುರಗಿಯ ಉಚ್ಚ ನ್ಯಾಯಪೀಠವಾಗಲಿ ಪೂರ್ಣಪ್ರಮಾಣವೆಂದು ಸ್ವೀಕರಿಸಬಾರದು.