ದಕ್ಷಿಣ ಆಫ್ರಿಕದ ರಾಷ್ಟ್ರಚಿಹ್ನೆಗಳು

ವರ್ಣಭೇದನೀತಿಯ ಅವಸಾನಾನಂತರ, ಒಡೆದ ಜನಸಮುದಾಯಗಳನ್ನು ಏಕರಾಷ್ಟ್ರಭಾವದಲ್ಲಿ ಬೆಸೆಯಲೆಂದು ಸ್ವೀಕೃತವಾದ ಲಾಂಛನಗಳು. ಸರ್ವವರ್ಣೀಯರೂ ಮತವಿತ್ತ ಪ್ರಥಮ ಚುನಾವಣೆಯ ಸಂದರ್ಭದಲ್ಲಿ, 1994ರ ಏಪ್ರಿಲ್ 27ರಂದು ಏರಿದ ಆರು ಬಣ್ಣಗಳ ಧ್ವಜವನ್ನು ಫ್ರೆಡರಿಕ್ ಬ್ರೌನೆಲ್ ರೂಪಿಸಿದರು. ತಾತ್ಕಾಲಿಕವೆಂದು ಹಾರಿಸಿದುದೇ ಸ್ಥಿರವಾಗಿ ನಿಂತಿತು. 1997ರ ರಾಷ್ಟ್ರಗೀತೆಯಾದರೋ ಇನ್ನೂ ಕುತೂಹಲಕರವಾದುದು: ಎನಾಕ್ ಸೊಂಟೊಂಗ 1897ರಲ್ಲಿ ರಚಿಸಿದ, ವಿಮೋಚನಾ ಹೋರಾಟಗಾರರ ಕಂಠದಲ್ಲಿ ದಶಕಗಳ ಕಾಲ ಮೊಳಗಿದ ಪ್ರಾರ್ಥನೆಯನ್ನೂ, ಬಿಳಿಯರ ಆಳ್ವಿಕೆಯ ರಾಷ್ಟ್ರಗೀತೆಯಾಗಿದ್ದ ಆಫ್ರಿಕಾನ್ಸ್ ಪದ್ಯವನ್ನೂ ಸಂಕ್ಷೇಪಿಸಿ ಜೋಡಿಸಿದ ಈ ಗೀತೆಯು ಐದು ಭಾಷೆಗಳಲ್ಲಿ ಸಾಗುತ್ತದೆ. ಪೀಡಿತರ ಹಾಡಿನ ಪಕ್ಕದಲ್ಲಿ ಪೀಡಕರ ಹಾಡನ್ನೂ ಉಳಿಸಿದುದು ಔದಾರ್ಯವೋ ರಾಜಿಯೋ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಇಂಥದೇ ಬೆಸುಗೆಯ ಯತ್ನ ಕ್ರೀಡೆಯಲ್ಲೂ ಕಂಡಿತು: ಬಹುಕಾಲ ಬಿಳಿಯರದೇ ಆಗಿದ್ದ ರಗ್ಬಿ ತಂಡದ ಸ್ಪ್ರಿಂಗ್‌ಬಾಕ್ ಜಿಂಕೆಯ ಅಂಗಿಯನ್ನು ತೊಟ್ಟು, 1995ರ ಜೂನ್ 24ರಂದು ಜೋಹಾನ್ಸ್‌ಬರ್ಗಿನ ವಿಶ್ವಕಪ್ ಅಂತಿಮ ಪಂದ್ಯಕ್ಕೆ ದೇಶದ ಪ್ರಥಮ ಕರಿಯ ಅಧ್ಯಕ್ಷ ನೆಲ್ಸನ್ ಮಂಡೇಲಾ ಬಂದರು. 2000ದಲ್ಲಿ ಸ್ವೀಕೃತವಾದ ರಾಷ್ಟ್ರಮುದ್ರೆಯ ಧ್ಯೇಯವಾಕ್ಯವು, ಆಡುವವರಾರೂ ಉಳಿಯದ ಆದಿವಾಸಿ ಭಾಷೆಯೊಂದರಲ್ಲಿದೆ.